ಸುಟ್ಟ ಹುರುಳಿಕಾಳು ಹೇಳಿದ ಇಸವಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಇವತ್ತು ಆ ಹೆಸರು ಕೇಳಿದರೆ ನೆನಪಾಗುವುದು ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಅದರ ಚಿಮಣಿ ಮತ್ತು ಹಾರುಬೂದಿ. ಆದರೆ ಕುಡತಿನಿಗೆ ಬೂದಿ ಹೊಸದೇನಲ್ಲ. ಅಲ್ಲಿ ನವಶಿಲಾಯುಗದ ಒಂದು ಬೂದಿದಿಬ್ಬ ಇದೆ. ಮುಟ್ಟಿದರೆ ಒಂದು ಕಡೆ ಹಿಟ್ಟಿನಂತೆ ನುಣುಪು, ಇನ್ನೊಂದು ಕಡೆ ಕುಲುಮೆಯ ಕಿಟ್ಟದಂತೆ ಕರಗಿ ಗಟ್ಟಿಯಾದ ಹೆಂಟೆ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲೂ ಅದಕ್ಕೆ ತಾಗಿದ ತೆಲುಗು ನಾಡಿನಲ್ಲೂ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚಿವೆ. ಹಳಬರು ಇವನ್ನು ರಾಕ್ಷಸರನ್ನು ಸುಟ್ಟ ಬೂದಿ ಎಂದರು. ಹಂಪಿಯ ಪಕ್ಕದ ನಿಂಬಾಪುರದ ದಿಬ್ಬಕ್ಕಂತೂ ವಾಲಿಯನ್ನು ದಹನ ಮಾಡಿದ ಜಾಗ ಎಂಬ ಹೆಸರೇ ಅಂಟಿಕೊಂಡಿದೆ.

ಬ್ರಿಟಿಷ್ ಅಧಿಕಾರಿಗಳು ಕಟ್ಟಿದ ಕಥೆಗಳೂ ಕಮ್ಮಿಯವಲ್ಲ. ಒಬ್ಬರಿಗೆ ಅದು ಸಾಮೂಹಿಕ ಚಿತೆ, ಇನ್ನೊಬ್ಬರಿಗೆ ಲೋಹ ಕರಗಿಸಿದ ಕಸ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ 19ನೇ ಶತಮಾನದಲ್ಲೇ ಇದು ದನದ ಸಗಣಿ ಸುಟ್ಟ ಬೂದಿ ಎಂದು ಹೇಳಿದ್ದರು. ವಾಲಿಯ ಚಿತೆಯ ಮುಂದೆ ಸಗಣಿಯ ಬೂದಿ ಸಪ್ಪೆ ಅನ್ನಿಸಿರಬೇಕು; ಅವರ ಮಾತಿಗೆ ಪೂರ್ತಿ ಮನ್ನಣೆ ಸಿಕ್ಕಿದ್ದು ಬಹಳ ತಡವಾಗಿ.

ಯಾರ ಬೂದಿ ಎಂಬ ಪ್ರಶ್ನೆ ಹಾಗೆ ಬಗೆಹರಿಯಿತು. ಯಾವ ಕಾಲದ್ದು ಎಂಬುದು ಉಳಿಯಿತು.

1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಗೆದರು. ಅಶೋಕನ ಶಾಸನ ಇರುವ ಆ ಗುಡ್ಡದ ಬುಡದಲ್ಲಿ ಕೆಳಗಿನ ಪದರದಲ್ಲಿ ನಯಗೊಳಿಸಿದ ಕಲ್ಲುಕೊಡಲಿ, ಅದರ ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಯವರ ಕುರುಹು, ಅದಕ್ಕೂ ಮೇಲೆ ಶಾತವಾಹನರ ಕಾಲದ ಮಡಕೆ ಚೂರು ಸಿಕ್ಕವು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಸ್ಪಷ್ಟ. ಆದರೆ ಇಸವಿ? ವೀಲರ್ ಕೈಯಲ್ಲಿ ಇದ್ದದ್ದು ಒಂದೇ ಗೂಟ, ರೋಮ್. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ಅವರಿಗೆ ಇಟಲಿಯ ಮಡಕೆಯ ಜೊತೆಗೆ ಒಂದು ಬಗೆಯ ಗೆರೆಮಡಕೆ ಸಿಕ್ಕಿತ್ತು. ಆ ಗೆರೆಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಇತ್ತು. ಅಂದರೆ ಅದು ಕ್ರಿಸ್ತಶಕದ ಆರಂಭದ್ದು. ಅಲ್ಲಿಂದ ಕೆಳಕ್ಕೆ, ಇಷ್ಟು ದಪ್ಪದ ಮಣ್ಣು ಕೂಡಲು ಇಷ್ಟು ವರ್ಷ ಎಂಬ ಅಂದಾಜಿನ ಹಗ್ಗ ಇಳಿಬಿಟ್ಟರು. ಬೃಹತ್ ಶಿಲೆಯವರಿಗೆ ಕ್ರಿ.ಪೂ. 200ರಿಂದ ಈಚಿನ ಕಾಲ ಸಿಕ್ಕಿತು. ಕಲ್ಲುಕೊಡಲಿಯವರು ಕ್ರಿ.ಪೂ. ಒಂದನೇ ಸಹಸ್ರಮಾನದ ಆರಂಭದ ಆಚೆಗೆ ಹೋಗಲೇ ಇಲ್ಲ. ವೀಲರ್ ಎಂಥ ಶಿಸ್ತಿನ ಅಗೆತಗಾರರು ಎಂಬುದಕ್ಕೆ ಬ್ರಹ್ಮಗಿರಿಯ ವರದಿಯೇ ಸಾಕ್ಷಿ. ಅವರ ಅಗೆತ ತಪ್ಪಲಿಲ್ಲ, ಹಗ್ಗ ಮೋಟಾಯಿತು.

ಎಷ್ಟು ಮೋಟು ಎಂದು ಹೇಳಬಲ್ಲ ಗಡಿಯಾರ ಅದೇ ವರ್ಷಗಳಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ ಸಿದ್ಧವಾಗುತ್ತಿತ್ತು.

ಅದರ ಹುಟ್ಟು ಇನ್ನೂ ಏಳು ವರ್ಷ ಹಿಂದಿನದು. 1940ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮಾರ್ಟಿನ್ ಕಾಮೆನ್ ಎಂಬ ಯುವ ರಸಾಯನ ವಿಜ್ಞಾನಿ ಸೈಕ್ಲೋಟ್ರಾನ್ ಯಂತ್ರದಲ್ಲಿ ಗ್ರಾಫೈಟ್ ಇಟ್ಟು ರಾತ್ರಿಗಟ್ಟಲೆ ಕಣಗಳ ಏಟು ಕೊಡುತ್ತಿದ್ದರು. ಕೊನೆಯ ರಾತ್ರಿ ಮಳೆ. ಬೆಳಗಿನ ಜಾವ ಆ ಗ್ರಾಫೈಟನ್ನು ಗೆಳೆಯ ಸ್ಯಾಮ್ ರೂಬೆನ್ ಮೇಜಿನ ಮೇಲಿಟ್ಟು, ಕ್ಷೌರವಿಲ್ಲದ ಮುಖ, ನಿದ್ದೆಗೆಟ್ಟ ಕಣ್ಣು ಹೊತ್ತು ಮನೆಗೆ ನಡೆದರು. ದಾರಿಯಲ್ಲಿ ಪೊಲೀಸರು ಕೊಲೆಯ ಗುಮಾನಿಯ ಮೇಲೆ ಅವರನ್ನು ಹಿಡಿದರು! ಗುರುತು ಹಿಡಿಯಲು ಬಂದವರು ಇವನಲ್ಲ ಎಂದ ಮೇಲೆ ಬಿಟ್ಟರು. ಅಷ್ಟರಲ್ಲಿ ರೂಬೆನ್ ಆ ಗ್ರಾಫೈಟಿನಲ್ಲಿ ಹೊಸ ವಿಕಿರಣದ ಸುಳಿವು ಹಿಡಿದಿದ್ದರು. ಆರು ಪ್ರೋಟಾನ್, ಎಂಟು ನ್ಯೂಟ್ರಾನ್, ಇಂಗಾಲ-14. ಕ್ಷಣಗಳಲ್ಲೋ ಗಂಟೆಗಳಲ್ಲೋ ಕರಗಿ ಹೋಗಬಹುದೆಂದು ಅಂದುಕೊಂಡಿದ್ದ ಈ ಪರಮಾಣು ಸಾವಿರಾರು ವರ್ಷ ಬಾಳುವ ಜಾತಿಯದು ಎಂದು ಗೊತ್ತಾಯಿತು. ಈಗ ಒಪ್ಪಿರುವ ಲೆಕ್ಕ 5730 ವರ್ಷ. ಅಂದರೆ ಇಂದು ನೂರು ಇದ್ದರೆ 5730 ವರ್ಷಕ್ಕೆ ಐವತ್ತು, ಇನ್ನೊಂದು 5730ಕ್ಕೆ ಇಪ್ಪತ್ತೈದು.

ಸೈಕ್ಲೋಟ್ರಾನ್ ಇಲ್ಲದೆಯೂ ಈ ಇಂಗಾಲ ಹುಟ್ಟುತ್ತಲೇ ಇದೆ. ಆಕಾಶದಾಚೆಯಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರದಲ್ಲಿ ನ್ಯೂಟ್ರಾನ್‌ಗಳನ್ನು ಚಿಮ್ಮಿಸುತ್ತವೆ. ಅವು ಸಾರಜನಕದ ಪರಮಾಣುವಿಗೆ ಬಡಿದರೆ ಅದು ಇಂಗಾಲ-14 ಆಗುತ್ತದೆ. ಆಮ್ಲಜನಕದ ಜೊತೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗಿ ಕೆಳಗಿಳಿಯುತ್ತದೆ. ಹುಲ್ಲು ಅದನ್ನು ಎಳೆದುಕೊಳ್ಳುತ್ತದೆ, ಹಸು ಹುಲ್ಲನ್ನು ತಿನ್ನುತ್ತದೆ, ಹಾಲು ನಮ್ಮ ಕಾಫಿಗೆ ಬೀಳುತ್ತದೆ. ಲಕ್ಷ ಕೋಟಿ ಇಂಗಾಲದ ಪರಮಾಣುಗಳಲ್ಲಿ ಹೆಚ್ಚು ಕಮ್ಮಿ ಒಂದು ಈ ಬಗೆಯದು. ಅಷ್ಟು ಅಪರೂಪವಾದರೂ 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಪ್ರತಿ ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು ಇಂಗಾಲ-14 ಪರಮಾಣುಗಳು ಒಡೆದು ಮತ್ತೆ ಸಾರಜನಕವಾಗುತ್ತವೆ. ಉಣ್ಣುವವರೆಗೂ ಖರ್ಚಿಗೆ ತಕ್ಕ ಜಮೆ ಇರುತ್ತದೆ. ಉಸಿರು ನಿಂತ ದಿನ ಜಮೆ ನಿಲ್ಲುತ್ತದೆ. ಖರ್ಚು ಮಾತ್ರ ನಡೆಯುತ್ತಲೇ ಇರುತ್ತದೆ. ಉಳಿಕೆ ನೋಡಿದರೆ ಜಮೆ ನಿಂತು ಎಷ್ಟು ಕಾಲವಾಯಿತೆಂದು ಹೇಳಬಹುದು.

ಹೀಗೆ ಯೋಚಿಸಿದವರು ಆ ಶಿಕಾಗೊ ಪ್ರಯೋಗಾಲಯದ ವಿಲ್ಲರ್ಡ್ ಲಿಬ್ಬಿ. ಆದರೆ ಸೈಕ್ಲೋಟ್ರಾನ್ ಮಾಡಿದ ಇಂಗಾಲ ನಿಸರ್ಗದಲ್ಲೂ ಇದೆ ಎಂದು ಮೊದಲು ತೋರಿಸಬೇಕಿತ್ತು. ಅದಕ್ಕೆ ಅವರು ಆರಿಸಿಕೊಂಡ ವಸ್ತು ಬಾಲ್ಟಿಮೋರ್ ನಗರದ ಕಕ್ಕಸಿನ ಚರಂಡಿಯಿಂದ ಹೊರಟ ಮೀಥೇನ್ ಅನಿಲ. ಅದು ನಿನ್ನೆ ಮೊನ್ನೆ ಉಂಡ ಅನ್ನದ ಇಂಗಾಲ. ಅದರ ಎದುರಿಗೆ ಪೆಟ್ರೋಲಿಯಂನಿಂದ ಬಂದ ಮೀಥೇನ್ ಇಟ್ಟರು. ಚರಂಡಿಯ ಅನಿಲದಲ್ಲಿ ಇಂಗಾಲ-14 ಸಿಕ್ಕಿತು, ಪೆಟ್ರೋಲಿಯಂನದರಲ್ಲಿ ಇಲ್ಲ. ಕೋಟಿಗಟ್ಟಲೆ ವರ್ಷ ಮಣ್ಣಿನಡಿ ಇದ್ದ ಎಣ್ಣೆಯಲ್ಲೂ ಕಲ್ಲಿದ್ದಲಿನಲ್ಲೂ ಉಳಿಕೆ ಸೊನ್ನೆ. ಕುಡತಿನಿಯ ಎರಡು ಬೂದಿಗಳ ನಡುವಿನ ಅಂತರವೂ ಇದೇ: ಸ್ಥಾವರದ ಕಲ್ಲಿದ್ದಲಿನ ಗಡಿಯಾರ ಎಂದೋ ನಿಂತುಹೋಗಿದೆ, ದಿಬ್ಬದೊಳಗಿನ ಇದ್ದಿಲಿನದು ಇನ್ನೂ ಓಡುತ್ತಿದೆ.

ಮುಂದಿನ ಪರೀಕ್ಷೆ ವಯಸ್ಸು ಗೊತ್ತಿದ್ದ ವಸ್ತುಗಳ ಮೇಲೆ. ಈಜಿಪ್ಟಿನ ಸಕ್ಕಾರಾದಲ್ಲಿರುವ ದೊರೆ ಜೋಸರ್‌ನ ಸಮಾಧಿಯಿಂದ ಬಂದ ಜಾಲಿಜಾತಿಯ ಮರದ ತುಂಡು ಮೊದಲನೆಯದು. ಇತಿಹಾಸಕಾರರ ಪ್ರಕಾರ ಅದಕ್ಕೆ ಸುಮಾರು 4650 ವರ್ಷ. ಲಿಬ್ಬಿ ಮತ್ತು ಜೇಮ್ಸ್ ಆರ್ನಾಲ್ಡ್ 1949ರಲ್ಲಿ ಪ್ರಕಟಿಸಿದ ಉತ್ತರ 3979, ಆಚೀಚೆ 350. ಅಷ್ಟು ಕಚ್ಚಾ ಸಲಕರಣೆಗೆ ಇದು ದೊಡ್ಡ ಗೆಲುವೆಂದೇ ಎಲ್ಲರಿಗೂ ಅನ್ನಿಸಿತು. 1960ರಲ್ಲಿ ಲಿಬ್ಬಿಗೆ ರಸಾಯನ ವಿಜ್ಞಾನದ ನೊಬೆಲ್ ಬಂತು. ಆದರೆ ಆ ಆರೇಳು ನೂರು ವರ್ಷದ ಕೊರತೆ ಬರೀ ಕೈತಪ್ಪಲ್ಲ ಎಂಬುದು ಆಮೇಲೆ ತಿಳಿಯಿತು.

ಈ ಗಡಿಯಾರ ದಖ್ಖನ್ನಿನ ಬೂದಿದಿಬ್ಬಕ್ಕೂ ಬಂತು. 1957ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಒಂದು ದಿಬ್ಬ ಅಗೆದರು. ಸಿಕ್ಕಿದ್ದು ಚಿತೆಯಲ್ಲ, ಕೊಟ್ಟಿಗೆ. ಸುತ್ತ ನೆಟ್ಟ ಮರದ ಗೂಟಗಳ ಕುಳಿಗಳು, ಮತ್ತೆ ಮತ್ತೆ ಸುಟ್ಟ ಸಗಣಿಯ ಪದರಗಳು, ಬೂದಿಯ ನೆಲದಲ್ಲಿ ಅಚ್ಚೊತ್ತಿದಂತೆ ಉಳಿದ ದನದ ಗೊರಸಿನ ಗುರುತುಗಳು. ಯಾವುದೋ ಕಾಲದ ಒಂದು ಸಂಜೆ ಮಂದೆ ಒಳಬಂದ ದಾರಿ ಕಣ್ಣೆದುರಿಗೇ ಇತ್ತು. ಬೆಂಕಿ ಆಕಸ್ಮಿಕವಲ್ಲ, ವರ್ಷದ ಕೆಲವು ಹಬ್ಬಗಳಲ್ಲಿ ಬೇಕೆಂದೇ ಹಚ್ಚಿದ್ದಿರಬಹುದು ಎಂದು ಆಲ್ಚಿನ್ ಊಹಿಸಿದರು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಬಲ್ಲ ನಮ್ಮವರಿಗೆ ಈ ಊಹೆ ದೂರದ್ದೆನಿಸದು, ಆದರೂ ಅದು ಊಹೆಯೇ. ಊಹೆಯಲ್ಲದ್ದು ಇದ್ದಿಲಿನ ಫಲಿತಾಂಶ. ಬ್ರಿಟಿಷ್ ಮ್ಯೂಸಿಯಂ ಪ್ರಯೋಗಾಲಯ ಅದನ್ನು ಕ್ರಿ.ಪೂ. ಮೂರನೇ ಸಹಸ್ರಮಾನಕ್ಕೆ ಒಯ್ದಿತು. ವೀಲರ್ ಕೊಟ್ಟದ್ದಕ್ಕಿಂತ ಸಾವಿರ ವರ್ಷಕ್ಕೂ ಹಿಂದೆ.

1960ರ ದಶಕದ ಆರಂಭದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮದೇ ಪ್ರಯೋಗಾಲಯ ಶುರುವಾಯಿತು. ಹಿಂದೆ ದೇವೇಂದ್ರ ಲಾಲ್ ಅವರ ವಿಶ್ವಕಿರಣ ವಿಜ್ಞಾನದ ಬೆಂಬಲ, ಮುಂದೆ ಡಿ.ಪಿ. ಅಗ್ರವಾಲ್ ಮತ್ತು ಶೀಲಾ ಕುಸುಮ್‌ಗರ್ ಅವರ ದುಡಿಮೆ. ವಾಹನದ ನೋಂದಣಿ ಸಂಖ್ಯೆಯಂತೆ ಪ್ರತಿ ಪ್ರಯೋಗಾಲಯದ ಫಲಿತಾಂಶಕ್ಕೂ ಒಂದು ಗುರುತಕ್ಷರ ಇರುತ್ತದೆ; ಇವರದು ಟಿಎಫ್. ಅಗ್ರವಾಲ್ 1964ರಲ್ಲಿ ಹರಪ್ಪ ನಾಗರಿಕತೆಯ ಕಾಲವನ್ನು ಕ್ರಿ.ಪೂ. 2300ರಿಂದ 1750ರ ನಡುವಿಗೆ ಕುಗ್ಗಿಸಿ ಗದ್ದಲ ಎಬ್ಬಿಸಿದರು. ನಮ್ಮ ಕಡೆಯಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1965ರಲ್ಲಿ ಅಗೆದರು. ಅಲ್ಲಿ ಕಬ್ಬಿಣದ ಮೊದಲ ತುಣುಕುಗಳು ಬಂದ ಪದರದ ಇದ್ದಿಲಿಗೆ ಈ ಪ್ರಯೋಗಾಲಯ ಕೊಟ್ಟ ಕಾಲ ಕ್ರಿ.ಪೂ. 1000ದ ಆಸುಪಾಸು. ವೀಲರ್ ಹೇಳಿದ್ದ 200 ಎಲ್ಲಿ, ಇದೆಲ್ಲಿ! ಪ್ರಯೋಗಾಲಯ ಮುಂದೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯಕ್ಕೆ ಸ್ಥಳಾಂತರವಾಯಿತು.

ಇಷ್ಟು ಕೇಳಿದರೆ ಇದ್ದಿಲು ಹಾಕಿದರೆ ಇಸವಿ ಉದುರುವ ಯಂತ್ರವೊಂದು ಸಿಕ್ಕಿಬಿಟ್ಟಿತು ಅನ್ನಿಸಬಹುದು. ಪತ್ರಿಕೆಗಳಲ್ಲಿ ಸುದ್ದಿ ಬರುವುದೂ ಹಾಗೆಯೇ. ನಿಜವಾಗಿ ಯಂತ್ರ ಹೇಳುವುದು ಒಂದೇ ಮಾತು: ಈ ಜೀವ ಉಸಿರಾಟ ನಿಲ್ಲಿಸಿ ಇಷ್ಟು ಕಾಲವಾಯಿತು. ಮಡಕೆ ಯಾವಾಗ ಮಾಡಿದರು, ಕೋಟೆ ಯಾವಾಗ ಕಟ್ಟಿದರು ಎಂದು ಅದು ಹೇಳದು. ಮುನ್ನೂರು ವರ್ಷದ ತೇಗದ ಮರ ಕಡಿದರೆ ಅದರ ನಡುತಿರುಳು ಆಗಲೇ ಮುನ್ನೂರು ವರ್ಷದ ಹಿಂದೆ ಗಾಳಿಯ ಋಣ ಹರಿದುಕೊಂಡಿರುತ್ತದೆ. ಆ ಮರ ಕಂಬವಾಗಿ ನೂರು ವರ್ಷ ನಿಂತು, ಮನೆ ಬಿದ್ದ ಮೇಲೆ ಯಾರದೋ ಒಲೆಗೆ ಸೌದೆಯಾಗಿ, ಆ ಒಲೆಯ ಇದ್ದಿಲು ಪುರಾತತ್ವಜ್ಞರ ಕೈಗೆ ಸಿಕ್ಕರೆ ಒಲೆಯ ವಯಸ್ಸು ನಾನೂರು ವರ್ಷ ಹೆಚ್ಚಾಗಿ ಕಾಣುತ್ತದೆ. ಯಂತ್ರದ ಲೆಕ್ಕ ಸರಿ, ಪ್ರಶ್ನೆ ತಪ್ಪು.

ಇಂಗ್ಲೆಂಡಿನ ರೆಪ್ಟನ್ನಿನಲ್ಲಿ ಮೂಳೆಗಳೇ ಹೀಗೆ ದಾರಿ ತಪ್ಪಿಸಿದವು. ಅಲ್ಲಿನ ಸಾಮೂಹಿಕ ಸಮಾಧಿ ಕ್ರಿ.ಶ. 873ರ ಚಳಿಗಾಲದಲ್ಲಿ ಬೀಡುಬಿಟ್ಟ ವೈಕಿಂಗ್ ಸೇನೆಯದೆಂದು ನಾಣ್ಯಗಳು ಹೇಳಿದರೆ, ಕೆಲವು ಮೂಳೆಗಳ ಇಂಗಾಲ ನೂರು ಇನ್ನೂರು ವರ್ಷ ಹಿಂದಕ್ಕೆ ಬೆರಳು ಮಾಡಿತು. ಕಾರಣ ಊಟದ ತಟ್ಟೆಯಲ್ಲಿತ್ತು. ಕಡಲಿನ ಆಳದ ನೀರಿನಲ್ಲಿ ಹಳೆಯ ಇಂಗಾಲ ಸುತ್ತುತ್ತಿರುತ್ತದೆ. ಕಡಲಜೀವಿಗಳು ಹುಟ್ಟುವಾಗಲೇ ಸರಾಸರಿ 400 ವರ್ಷ ಮುದಿಯಾಗಿ ಕಾಣುತ್ತವೆ. ಮೀನು ಹೆಚ್ಚು ತಿಂದವರ ಮೂಳೆಗೂ ಆ ಮುಪ್ಪು ಬರುತ್ತದೆ. ಕ್ಯಾಟ್ ಜಾರ್ಮನ್ ಮತ್ತು ಸಂಗಡಿಗರು 2018ರಲ್ಲಿ ಮೀನಿನ ಪಾಲು ಕಳೆದು ಲೆಕ್ಕ ಹಾಕಿದಾಗ ಮೂಳೆ, ನಾಣ್ಯ ಎರಡೂ ಒಂದೇ ಕಾಲಕ್ಕೆ ಬಂದು ನಿಂತವು.

ಇನ್ನು ಜೋಸರ್‌ನ ಮರದ ಕೊರತೆ. ವಾತಾವರಣದಲ್ಲಿ ಇಂಗಾಲ-14 ಎಲ್ಲ ಕಾಲಕ್ಕೂ ಒಂದೇ ಮಟ್ಟದಲ್ಲಿರುತ್ತದೆ ಎಂದು ಲಿಬ್ಬಿ ನಂಬಿದ್ದರು. ಹಾಗಿರಲಿಲ್ಲ. ಭೂಮಿಯ ಕಾಂತಕ್ಷೇತ್ರ ಸಡಿಲವಾದಾಗ, ಸೂರ್ಯನ ಮನಸ್ಸು ಬದಲಾದಾಗ ವಿಶ್ವಕಿರಣದ ಮಳೆಯೂ ಹೆಚ್ಚು ಕಮ್ಮಿ ಆಗುತ್ತದೆ. ಇದನ್ನು ಹಿಡಿದುಕೊಟ್ಟದ್ದು ಕ್ಯಾಲಿಫೋರ್ನಿಯಾದ ಬ್ರಿಸಲ್‌ಕೋನ್ ಪೈನ್ ಮರಗಳು. ವರ್ಷಕ್ಕೊಂದು ಉಂಗುರ ಕಟ್ಟುತ್ತಾ ನಾಲ್ಕು ಸಾವಿರ ವರ್ಷಕ್ಕೂ ಮೀರಿ ಬಾಳುವ ಮರಗಳಿವು. ಉಂಗುರ ಎಣಿಸಿದರೆ ನಿಜವಾದ ವರ್ಷ, ಅದೇ ಉಂಗುರದ ಇಂಗಾಲ ಅಳೆದರೆ ಗಡಿಯಾರದ ವರ್ಷ. ವಿಜ್ಞಾನಿ ಹ್ಯಾನ್ಸ್ ಸ್ಯೂಸ್ ಎರಡನ್ನೂ ಪಕ್ಕದಲ್ಲಿಟ್ಟರು. ಕ್ರಿ.ಪೂ. ಮೂರನೇ ಸಹಸ್ರಮಾನಕ್ಕೆ ಹೋಗುವಷ್ಟರಲ್ಲಿ ಗಡಿಯಾರ ಹಲವು ಶತಮಾನ ಹಿಂದೆ ಬಿದ್ದಿತ್ತು. ಅಂದಿನಿಂದ ಪ್ರತಿ ಫಲಿತಾಂಶವನ್ನೂ ತಿದ್ದುಪಟ್ಟಿಗೆ ಹೋಲಿಸಿ ನೋಡಲೇಬೇಕು. ಉಟ್ನೂರಿನ ಕಾಲ ಇನ್ನಷ್ಟು ಹಿಂದೆ ಸರಿಯಿತು. ವರದಿಗಳಲ್ಲಿ ಕಾಣುವ 'ಬಿಪಿ' ನಮ್ಮ ರಕ್ತದೊತ್ತಡವಲ್ಲ, 'ವರ್ತಮಾನಕ್ಕೆ ಮುನ್ನ'; ಆ ವರ್ತಮಾನ 1950ಕ್ಕೇ ನಿಂತುಬಿಟ್ಟಿದೆ.

1950 ಏಕೆಂದರೆ ಆಮೇಲೆ ಗಾಳಿಯೇ ಕೆಟ್ಟಿತು. ಬಯಲಲ್ಲಿ ಸಿಡಿಸಿದ ಅಣುಬಾಂಬುಗಳಿಂದ 1963ರ ಹೊತ್ತಿಗೆ ಉತ್ತರಾರ್ಧಗೋಳದ ಗಾಳಿಯಲ್ಲಿ ಇಂಗಾಲ-14 ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆ ವರ್ಷ ಒಪ್ಪಂದವಾಗಿ ಬಯಲ ಸ್ಫೋಟ ಕಮ್ಮಿಯಾದ ಮೇಲೆ ಇಳಿಯತೊಡಗಿತು. ಆ ಏರಿಳಿತದ ಗುರುತು ಆನೆದಂತದಲ್ಲೂ ಉಳಿಯುವುದರಿಂದ, ಹಳೆಯ ಕಾಲದ್ದು ಎಂದು ಹೇಳಿ ಮಾರುವ ದಂತ ಅದರ ವ್ಯಾಪಾರದ ನಿಷೇಧದ ನಂತರ ಕೊಂದ ಆನೆಯದೇ ಎಂದು ಪತ್ತೆ ಹಚ್ಚಬಹುದು.

ಗಡಿಯಾರದ ಈ ಏರುಪೇರೇ ಒಮ್ಮೊಮ್ಮೆ ಉಪಕಾರಕ್ಕೆ ಬರುತ್ತದೆ. ಜಪಾನಿನ ಫೂಸಾ ಮಿಯಾಕೆ 2012ರಲ್ಲಿ ದೇವದಾರು ಜಾತಿಯ ಮರದ ಕ್ರಿ.ಶ. 775ರ ಉಂಗುರದಲ್ಲಿ ಇಂಗಾಲ-14 ದಿಢೀರನೆ ಜಿಗಿದದ್ದನ್ನು ಕಂಡರು. 993ರಲ್ಲಿ ಇನ್ನೊಂದು ಜಿಗಿತ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಲಾನ್ಸ್ ಒ ಮೆಡೋಸ್‌ನಲ್ಲಿ ವೈಕಿಂಗರು ಲೋಹದ ಕೊಡಲಿಯಿಂದ ಕಡಿದು ಬಿಸಾಡಿದ ಮರದ ತುಂಡುಗಳಿದ್ದವು. ಅವುಗಳಲ್ಲಿ 993ರ ಉಂಗುರ ಹುಡುಕಿ, ಅಲ್ಲಿಂದ ತೊಗಟೆಯವರೆಗೆ ಎಣಿಸಿದರೆ 28 ಉಂಗುರ. ಕಡಿದದ್ದು 1021ರಲ್ಲಿ, ಆಚೆ ಒಂದಿಲ್ಲ, ಈಚೆ ಒಂದಿಲ್ಲ.

ಅಳತೆಯ ವಿಧಾನವೂ 1970ರ ದಶಕದ ಕೊನೆಯಲ್ಲಿ ಬದಲಾಯಿತು. ಲಿಬ್ಬಿ ಪರಮಾಣು ಒಡೆಯುವ ಸದ್ದನ್ನು ಎಣಿಸುತ್ತಿದ್ದರು. ಅದಕ್ಕೆ ಗ್ರಾಂಗಟ್ಟಲೆ ಇಂಗಾಲ ಬೇಕು. ನಾಲ್ಕು ಸಾವಿರ ವರ್ಷ ಹಳೆಯ ಒಂದು ಮಿಲಿಗ್ರಾಂ ಇಂಗಾಲದಲ್ಲಿ ಇಡೀ ದಿನ ಕಾದರೂ ಒಡೆಯುವುದು ಹತ್ತು ಹನ್ನೆರಡು ಪರಮಾಣು. ಆದರೆ ಒಡೆಯದೆ ಉಳಿದವು ಅದರಲ್ಲಿ ಮೂರೂವರೆ ಕೋಟಿ ಇವೆ! ಸತ್ತವರನ್ನು ಎಣಿಸುವ ಬದಲು ಇರುವವರನ್ನೇ ಎಣಿಸಿದರಾಯಿತು. ವೇಗವರ್ಧಕ ಯಂತ್ರ ಮಾಡುವುದು ಅದನ್ನೇ. ಮಾದರಿಯನ್ನು ಆಮ್ಲ, ಕ್ಷಾರ, ಮತ್ತೆ ಆಮ್ಲದಲ್ಲಿ ತೊಳೆದು, ಸುಟ್ಟು ಅನಿಲ ಮಾಡಿ, ಕಬ್ಬಿಣದ ಪುಡಿಯ ಮೇಲೆ ಗ್ರಾಫೈಟಾಗಿ ಕೂರಿಸುತ್ತಾರೆ. ಸೀಸಿಯಂ ಅಯಾನುಗಳ ಏಟಿಗೆ ಇಂಗಾಲ ಋಣ ಅಯಾನಾಗಿ ಎದ್ದು ಬರುತ್ತದೆ. ಇಂಗಾಲ-14ರಷ್ಟೇ ತೂಗುವ ಸಾರಜನಕ ಅದರ ಜೊತೆ ನುಸುಳಿದರೆ ಎಲ್ಲ ಕೆಟ್ಟಂತೆ. ಅದೃಷ್ಟವೆಂದರೆ ಸಾರಜನಕಕ್ಕೆ ಋಣ ಅಯಾನಾಗಿ ಬಾಳಲು ಬರುವುದಿಲ್ಲ, ಬಾಗಿಲಲ್ಲೇ ಉಳಿಯುತ್ತದೆ. ಟ್ಯೂರಿನ್ನಿನ ಹೆಣದ ವಸ್ತ್ರದಿಂದ 1988ರಲ್ಲಿ ಅಂಚೆಚೀಟಿಯಷ್ಟು ತುಣುಕು ತೆಗೆದು ಆಕ್ಸ್‌ಫರ್ಡ್, ಜ್ಯೂರಿಕ್, ಅರಿಜೋನಾ ಪ್ರಯೋಗಾಲಯಗಳು ಅದರ ಅಗಸೆನಾರು ಕ್ರಿ.ಶ. 1260ರಿಂದ 1390ರೊಳಗಿನದು ಎಂದದ್ದು ಇದೇ ವಿಧಾನದಿಂದ. ಇಂಥ ಸೌಲಭ್ಯ ಈಗ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲೂ ಇದೆ.

ಎಲ್ಲ ಕಾಲಕ್ಕೂ ಇದು ನಡೆಯದು. ಐವತ್ತು ಸಾವಿರ ವರ್ಷ ದಾಟಿದರೆ ಉಳಿಕೆ ನಾನೂರರಲ್ಲಿ ಒಂದು ಪಾಲಿಗಿಂತ ಕಮ್ಮಿ. ಬೆರಳ ಜಿಡ್ಡು ತಾಗಿದರೂ ಲೆಕ್ಕ ಬುಡಮೇಲು. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದ ಹಳೆಯ ಶಿಲಾಯುಗದ ನೆಲೆಗೆ ಸಿಕ್ಕಿರುವ ಹನ್ನೆರಡು ಲಕ್ಷ ವರ್ಷದ ಅಂದಾಜು ಹಲ್ಲಿನ ಎನಾಮಲ್ ಪರೀಕ್ಷಿಸಿ ಬಂದದ್ದು. ಅದೇ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅಗೆದ ಬೂದಿದಿಬ್ಬ ಮಾತ್ರ ಇಂಗಾಲದ ಎಟುಕಿಗೆ ಸಿಗುತ್ತದೆ.

ಮಿಲಿಗ್ರಾಂ ಸಾಕು ಎಂದಾದ ಮೇಲೆ ಪುರಾತತ್ವಜ್ಞರ ಕಣ್ಣು ಮರದ ಇದ್ದಿಲಿನಿಂದ ಕಾಳಿನ ಮೇಲೆ ಬಿತ್ತು. ಕಾಳಿಗೆ ಹಳೆಯ ತಿರುಳಿನ ರಗಳೆ ಇಲ್ಲ, ಅದು ಒಂದೇ ಸುಗ್ಗಿಯದು. ಬಳ್ಳಾರಿಯ ಅಂಚಿನ ಸಂಗನಕಲ್ಲಿನಲ್ಲಿ ಧಾರವಾಡದ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್, ನಿಕೋಲ್ ಬೊಯಿವಿನ್ ತಂಡ ಮಣ್ಣನ್ನು ಬಕೆಟ್ಟಿನ ನೀರಿಗೆ ಸುರಿದು ಕಲಕಿ, ಮೇಲೆ ತೇಲಿದ ಕಪ್ಪು ಕಸವನ್ನು ಬಟ್ಟೆಯಲ್ಲಿ ಸೋಸಿತು. ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರಲ್ಲಿ ಕರಕಲಾದ ಹುರುಳಿ, ಹೆಸರು, ಕೊರಲೆ. 2007ರಲ್ಲಿ ಪ್ರಕಟವಾದ ಕಾಲಾನುಕ್ರಮದಲ್ಲಿ ಅಲ್ಲಿನ ಸಣ್ಣರಾಚಮ್ಮ ಗುಡ್ಡದ ಮೇಲೆ ದನ ಕೂಡಿಹಾಕಿ ಬೂದಿ ರಾಶಿಯಾದ ದಿನಗಳು ಮೊದಲು, ಅದೇ ಗುಡ್ಡದ ಮೇಲೆ ನೆಲೆನಿಂತ ಹಳ್ಳಿ ಆಮೇಲೆ, ಪಕ್ಕದ ಹಿರೇಗುಡ್ಡದಲ್ಲಿ ಕಲ್ಲುಕೊಡಲಿ ತಯಾರಿಯ ಭರಾಟೆ ಅದರ ಬೆನ್ನಿಗೆ. 'ನವಶಿಲಾಯುಗ' ಎಂಬ ಒಂದೇ ಉದ್ದನೆಯ ಪದದಡಿ ಕಲಸಿಹೋಗಿದ್ದದ್ದು ತಲೆಮಾರುಗಳ ಲೆಕ್ಕಕ್ಕೆ ಬಿಡಿಸಿಕೊಂಡಿತು.

ಆ ಕೊರಲೆ ಈಗ ಸಿರಿಧಾನ್ಯದ ಅಂಗಡಿಗಳಲ್ಲಿ ಅರ್ಧ ಕಿಲೋ ಪೊಟ್ಟಣವಾಗಿ ಸಿಗುತ್ತದೆ. ಅದರ ಒಂದು ಗ್ರಾಂ ಇಂಗಾಲದಲ್ಲಿ ನಿಮಿಷಕ್ಕೆ ಹದಿಮೂರು ಹದಿನಾಲ್ಕು ಪರಮಾಣು ಒಡೆಯುತ್ತವೆ. ಸಂಗನಕಲ್ಲಿನ ಕರಕಲು ಕಾಳಿನ ಅಷ್ಟೇ ಇಂಗಾಲದಲ್ಲಿ ಎಂಟು ಒಂಬತ್ತು. ಪೊಟ್ಟಣದ ಮೇಲೆ ಪ್ಯಾಕ್ ಮಾಡಿದ ತಾರೀಕು ಅಚ್ಚಾಗಿದೆ. ಒಳಗಿನ ಗಡಿಯಾರ ಶುರುವಾದದ್ದು ಅದಕ್ಕೂ ಕೆಲವು ತಿಂಗಳು ಮೊದಲು, ಕೊಯ್ಲಿನ ದಿನ.